ಮಾರಿಕಣಿವೆ ಮಹಾರಾಣಿ ಮೊಮ್ಮಗನ ಪಿಯಾನೊ ಹುಚ್ಚು

ನಮ್ಮ ಮಾರಿಕಣಿವೆಗೆ ವಾಣಿವಿಲಾಸ ಸಾಗರ ಅನ್ನೋ ಹೆಸರು ಬಂದಿದ್ದು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಂದ. ಕಟ್ಟಿ ಮುಗ್ಸಿದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ ಬಿದ್ದಿದ್ದು 2022ರಲ್ಲೇ. ಆದಿವಾಲದಿಂದ ಬುತ್ತಿ ಕಟ್ಕೊಂಡು ನೋಡೋಕೆ ಹೋಗಿದ್ವಲ್ಲ, ನೆನಪೈತಾ? ನಾನೀಗ ಹೇಳ್ತಿರೋದು ಆ ಮಹಾರಾಣಿಯ ಮೊಮ್ಮಗ, ಜಯಚಾಮರಾಜ ಒಡೆಯರ ವಿಷಯ.

ಅವರಿಗೆ ಪಿಯಾನೊ ಅಂದ್ರೆ ಪ್ರಾಣ. ದೊಡ್ಡ ವಾದಕ ಆಗ್ಬೇಕು ಅಂತಿದ್ರಂತೆ. ತಂಗಿ ವಿಜಯಾದೇವಿಯವರೂ ಕಲ್ತವರೇ. 1940ರಲ್ಲಿ ಮೊದ್ಲು ಅಪ್ಪ ಹೋದ್ರು, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿಯವರೂ ಹೋದ್ರು. 21ರ ಹುಡುಗನ ತಲೆ ಮೇಲೆ ಪಟ್ಟ ಕೂತ್ಕೊಂತು. ಇನ್ನೆಲ್ಲಿ ಪಿಯಾನೊ ಕಛೇರಿ?

ಅದೇ ಹೊತ್ತಲ್ಲಿ ಇಂಗ್ಲೆಂಡಲ್ಲಿ ನಿಕೊಲಾಯ್ ಮೆಟ್ನರ್ ಅಂತ ಒಬ್ಬರಿದ್ರು. ಹುಟ್ಟಿದ್ದು ಮಾಸ್ಕೋದಲ್ಲಿ, ಕೊನೆಗೆ ನೆಲೆ ನಿಂತಿದ್ದು ಲಂಡನ್ನಲ್ಲಿ. ಅವರ ಸಂಗೀತ ಹಳೇ ಕಾಲದ್ದು ಅಂತ ಜನ ಕೇಳೋದು ಕಮ್ಮಿ. ಯುದ್ಧ ಬಂದು ಜರ್ಮನಿಯ ಪ್ರಕಾಶಕರ ದುಡ್ಡೂ ನಿಂತೋಯ್ತು, ಎದೆ ನೋವೂ ಬಂತು. ಎಡ್ನಾ ಐಲ್ಸ್ ಅನ್ನೋ ಪಿಯಾನೊ ವಾದಕಿ ಗಂಡ-ಹೆಂಡ್ತಿ ಇಬ್ಬರನ್ನೂ ಹಳ್ಳಿ ಮನೆಗೆ ಕರ್ಕೊಂಡೋಗಿ ಇಟ್ಕೊಂಡ್ಲು. ಮೂರನೇ ಕನ್ಚೆರ್ಟೊ ಮುಗಿದಿದ್ದು ಆ ದಿನಗಳಲ್ಲಿ. (ಕನ್ಚೆರ್ಟೊ ಅಂದ್ರೆ ಮುಂದೆ ಒಬ್ರು ಪಿಯಾನೊ, ಹಿಂದೆ ದೊಡ್ಡ ವಾದ್ಯಮೇಳ, ಒಬ್ಬರಿಗೊಬ್ಬರು ಮಾತಿಗೆ ಮಾತು ಕೊಡ್ತಾ ಹೋಗ್ತಾರೆ.) 1944ರ ಫೆಬ್ರವರಿಯಲ್ಲಿ ರಾಯಲ್ ಆಲ್ಬರ್ಟ್ ಹಾಲಲ್ಲಿ ಮೆಟ್ನರ್ ಅವರೇ ನುಡಿಸಿದ್ರು.

ನಮ್ಮ ಮಹಾರಾಜರು ಅವರ ಪ್ಲೇಟುಗಳನ್ನ ತರ್ಸಿ ಕೇಳ್ತಿದ್ದೋರು. ಮನುಷ್ಯ ಇರೋವಾಗ್ಲೇ ಅವರ ಕೈಯಲ್ಲೇ ನುಡಿಸಿ ಇಟ್ಕೋಬೇಕು ಅಂತ ಮೆಟ್ನರ್ ಸೊಸೈಟಿ ಮಾಡಿ, ದುಡ್ಡು ಕೊಟ್ರು. ಎಚ್‌ಎಂವಿ ಕಂಪನಿ ಮೂರೂ ಕನ್ಚೆರ್ಟೊ ರೆಕಾರ್ಡ್ ಮಾಡ್ತು, ಮೂರನೇದು 1947ರಲ್ಲಿ. ಅದನ್ನ ಮೆಟ್ನರ್ ಮೈಸೂರು ಮಹಾರಾಜರಿಗೇ ಅರ್ಪಣೆ ಮಾಡಿದ್ರು. 1951ರಲ್ಲಿ ಕಣ್ಮುಚ್ಚಿದ್ರು. ನಾಲ್ಕು ವರ್ಷ ತಡ ಆಗಿದ್ರೆ?

ನಮ್ಮತ್ತೆಗೆ ಇದನ್ನೆಲ್ಲ ಹೇಳಿದೆ. "ದುಡ್ಡು ಯಾರ್ದು? ಮಳೆ ಇಲ್ಲದ ಸೀಮೆಯೋರ ಕಂದಾಯ ತಾನೆ?" ಅಂದ್ರು. ಕೇಳ್ಬೇಕಾದ ಮಾತೇ. ಆ ದುಡ್ಡಲ್ಲಿ ಇಲ್ಲಿ ನಾಕು ಬಾವಿ ತೋಡಿಸ್ಬಹುದಿತ್ತು ಅಂತ ನನಗೂ ಅನ್ಸುತ್ತೆ. ಆದ್ರೂ ತಾನು ನುಡಿಸೋಕಾಗ್ದೇ ಇದ್ದಿದ್ದನ್ನ ಇನ್ನೊಬ್ಬರು ನುಡಿಸ್ಲಿ ಅಂತ ಕೊಟ್ರಲ್ಲ, ಆ ಮನಸ್ಸಿನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನನ್ನಿಂದಾಗಲ್ಲ.

ಹೆಂಡ್ತಿ ಅನ್ನಾ 1958ರಲ್ಲಿ ಮಾಸ್ಕೋಗೆ ವಾಪಸ್ ಹೋದ್ರು. ಅಲ್ಲಿ ಗಂಡನ ಎಲ್ಲಾ ಕೃತಿಗಳೂ ಅಚ್ಚಾದ್ವು. 1990ರ ದಶಕದಲ್ಲಿ ಡೆಮಿಡೆಂಕೊ, ಜೆಫ್ರಿ ಟೋಜರ್ ಮೊದಲಾದವರು ಹೊಸದಾಗಿ ರೆಕಾರ್ಡ್ ಮಾಡಿದ ಮೇಲೆ ಜನ ಮತ್ತೆ ಹುಡ್ಕಿಕೊಂಡು ಬಂದ್ರು.

ಫೋನಲ್ಲಿ ಸಿಗುತ್ತೆ, ಹಾಕ್ಕೊಳ್ಳಿ. ಮೆಟ್ನರ್ ಅವರೇ ನುಡಿಸಿದ್ದನ್ನೇ ಮೊದ್ಲು ಕೇಳಿ, ಹಳೇ ಪ್ಲೇಟಿನ ಕರಕರ ಶಬ್ದ ಇರುತ್ತೆ, ಬೇಜಾರು ಮಾಡ್ಕೋಬೇಡಿ. ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತೆ, ಒಂದು ಮೊರ ಅವರೆಕಾಯಿ ಸುಲಿಯೋ ಹೊತ್ತು.