ಸದಾರಮೆಯ ಕಳ್ಳನ ಊರು

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಸಾಗುವ ರೈಲು ತುಮಕೂರನ್ನು ಬಿಟ್ಟು ಸ್ವಲ್ಪ ಹೊತ್ತಿನಲ್ಲಿಯೇ, ತೆಂಗು ಅಡಿಕೆಗಳ ಹಸುರಿನ ನಡುವೆ ಗುಬ್ಬಿಯ ನಿಲ್ದಾಣವನ್ನು ಸೇರುತ್ತದೆ. ಊರು ದೊಡ್ಡದಲ್ಲ. ಪ್ರವಾಸಿಗಳನ್ನು ಸೆಳೆಯುವ ಜಲಪಾತವಾಗಲಿ ಶಿಲ್ಪವೈಭವವಾಗಲಿ ಇದರ ಕೀರ್ತಿಗೆ ಕಾರಣವಲ್ಲ. ಆದರೂ ಈ ಊರಿನ ಹೆಸರನ್ನು ಕೇಳದ ಕನ್ನಡಿಗರು ವಿರಳ. ಅದನ್ನು ನಾಡಿನ ಉದ್ದಗಲಕ್ಕೂ ಹೊತ್ತು ತಿರುಗಿದುದು ಒಂದು ನಾಟಕ ಕಂಪೆನಿ. ಆ ಕಂಪೆನಿಯನ್ನು ಹೊತ್ತವನು ಒಬ್ಬ ಹಾಸ್ಯನಟ.

ಗುಬ್ಬಿಯ ಅಧಿದೈವ ಗೋಸಲ ಚನ್ನಬಸವೇಶ್ವರ. 1884ರಲ್ಲಿ ಊರಿನ ಕೆಲವು ರಸಿಕರು ಕೂಡಿ ನಾಟಕ ಸಂಘವೊಂದನ್ನು ಕಟ್ಟಿದಾಗ ಅದಕ್ಕೆ ಈ ಸ್ವಾಮಿಯ ಹೆಸರನ್ನೇ ಇರಿಸಿದರು. ಹಾಗೆ ಕಟ್ಟಿದವರಲ್ಲಿ ಚಂದಣ್ಣನವರೂ ಇದ್ದರು, ಅಬ್ದುಲ್ ಅಜೀಜ್ ಸಾಹೇಬರೂ ಇದ್ದರು. ಇಂದಿನ ಕಿವಿಗೆ ಇದು ವಿಶೇಷವೆನಿಸಬಹುದು. ಬಣ್ಣದ ಪೆಟ್ಟಿಗೆಯ ಮುಂದೆ ಕುಳಿತವರಿಗೆ ಇದರಲ್ಲಿ ವಿಶೇಷವೇನೂ ಕಂಡಿರಲಾರದು. ಈ ಮೇಳಕ್ಕೆ ಆರು ವರ್ಷದ ಬಾಲಕನಾಗಿ ಸೇರಿದ ವೀರಣ್ಣ 1917ರಲ್ಲಿ ಅದರ ಮಾಲೀಕನೇ ಆದರು.

ಅಲ್ಲಿಂದ ಮುಂದಿನ ಕಥೆ ಸುಪರಿಚಿತ. 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳು ರಂಗದ ಮೇಲೆ ಬಂದುವು. ಗಂಡಸರೇ ಸೀರೆಯುಟ್ಟು ನಾಯಿಕೆಯರಾಗುತ್ತಿದ್ದ ಕಾಲದಲ್ಲಿ ಸ್ತ್ರೀಪಾತ್ರಗಳಿಗೆ ಸ್ತ್ರೀಯರೇ ಬಂದರು; ಬಿ. ಜಯಮ್ಮನವರಂತಹ ನಟಿಯರು ಬೆಳಗಿದರು. ಮೂಕಚಿತ್ರಗಳ ಕಾಲದಲ್ಲಿಯೇ ವೀರಣ್ಣನವರು ಚಲನಚಿತ್ರ ನಿರ್ಮಾಣಕ್ಕೂ ಕೈಹಾಕಿದರು. ಇಷ್ಟೆಲ್ಲ ಸಾಹಸಗಳನ್ನು ವರ್ಣಿಸುವ ಭರದಲ್ಲಿ, ಜನರು ಟಿಕೆಟು ಕೊಂಡದ್ದು ಮಾಲೀಕನನ್ನು ನೋಡುವುದಕ್ಕಲ್ಲ ಎಂಬುದು ಮರೆತುಹೋಗುತ್ತದೆ. ಅವರಿಗೆ ಬೇಕಾಗಿದ್ದವನು ಸದಾರಮೆಯ ಕಳ್ಳ.

‘ಸದಾರಮೆ’ಯ ಕಥೆಯಲ್ಲಿ ಕಳ್ಳನು ನಾಯಿಕೆಯನ್ನು ಅಪಹರಿಸುವ ದುಷ್ಟ. ನ್ಯಾಯವಾಗಿ ಪ್ರೇಕ್ಷಕರು ಅವನನ್ನು ದ್ವೇಷಿಸಬೇಕು. ವೀರಣ್ಣನವರ ಕಳ್ಳನನ್ನು ಯಾರೂ ದ್ವೇಷಿಸಲಿಲ್ಲ. ಅವನ ಪ್ರವೇಶಕ್ಕಾಗಿ ಕಾದು ಕುಳಿತರು. ಕಂಪೆನಿ ನಾಟಕಗಳಲ್ಲಿ ರಾಜನ ಮಾತು ಎಲ್ಲ ಊರಿನಲ್ಲಿಯೂ ಒಂದೇ. ಹಾಸ್ಯಗಾರನ ಮಾತು ಮಾತ್ರ ಆ ಊರಿನದು, ಆ ರಾತ್ರಿಯದು. ಎಲ್ಲಿ ನಿಲ್ಲಬೇಕು, ಎಲ್ಲಿ ಕಣ್ಣು ಹೊರಳಿಸಬೇಕು, ನಗೆಯ ಅಲೆ ಇಳಿಯುವ ಮೊದಲು ಇನ್ನೊಂದು ಮಾತನ್ನು ಎಲ್ಲಿ ಎಸೆಯಬೇಕು ಎಂಬುದನ್ನು ಯಾವ ಕವಿಯೂ ಬರೆದುಕೊಡಲಾರ. ‘ವರ್ಸಟೈಲ್ ಕಮೆಡಿಯನ್’ ಎಂಬ ಬಿರುದು ವೀರಣ್ಣನವರಿಗೆ ಸಂದುದು ಇಂತಹ ಕುಶಲತೆಗಾಗಿ. ಅಚ್ಚಾದ ನಾಟಕವನ್ನು ಓದಿದರೆ ಕಳ್ಳನ ಮಾತುಗಳು ದೊರೆಯುತ್ತವೆ, ಕಳ್ಳನು ದೊರೆಯುವುದಿಲ್ಲ.

ಲಂಡನ್ನಿನ ಚಾರ್ಲಿ ಚಾಪ್ಲಿನ್ ವೀರಣ್ಣನವರ ಸಮಕಾಲೀನ. ಅವರಂತೆಯೇ ಬಾಲ್ಯದಲ್ಲಿಯೇ ರಂಗವನ್ನೇರಿದವನು. ಚಾಪ್ಲಿನ್ 1977ರಲ್ಲಿ ತೀರಿಕೊಂಡ ಮೇಲೂ ಅವನ ನಡಿಗೆ ಫಿಲ್ಮಿನಲ್ಲಿ ಉಳಿದಿದೆ, ಮೊಮ್ಮಕ್ಕಳ ಮಕ್ಕಳೂ ನೋಡಿ ನಗುತ್ತಾರೆ. ವೀರಣ್ಣನವರು ‘ಹೇಮರೆಡ್ಡಿ ಮಲ್ಲಮ್ಮ’ ಮೊದಲಾದ ಚಿತ್ರಗಳಲ್ಲಿ ನಟಿಸಿದರೂ ಅವರ ಪ್ರಾಣವಿದ್ದುದು ರಂಗದ ಮೇಲೆ. 1972ರಲ್ಲಿ ಪದ್ಮಶ್ರೀ ಬಂದಿತು; ಅದೇ ವರ್ಷ ಅಕ್ಟೋಬರಿನಲ್ಲಿ ಅವರು ನಿಧನರಾದರು. ‘ಕಲೆಯೇ ಕಾಯಕ’ ಎಂಬ ಆತ್ಮಕಥೆ ಉಳಿಯಿತು. ಕಳ್ಳನು ನೋಡಿದವರ ನೆನಪಿನಲ್ಲಿ ಉಳಿದ. ಆ ನೆನಪುಳ್ಳವರು ಒಬ್ಬೊಬ್ಬರಾಗಿ ಎದ್ದುಹೋದರು.

ಈ ಸೀಮೆಯ ನೆಲದಲ್ಲಿಯೇ ನಗೆಯ ಬೀಜವಿದೆಯೇನೋ! ಹಾಡುಗಳಲ್ಲಿ ಹೆಸರಾದ ಕೆರೆಯುಳ್ಳ ದಕ್ಷಿಣದ ಕುಣಿಗಲ್ಲಿನಿಂದ ಉತ್ತರದವರೆಗೆ, ತುಮಕೂರು ಸೀಮೆ ಮೂಡಲಪಾಯ ಯಕ್ಷಗಾನದ ನೆಲೆ. ಬೆಳ್ಳಂಬೆಳಗು ಆಡುವ ಆ ಆಟಗಳಲ್ಲಿ, ತೂಕಡಿಸುವವರನ್ನು ಎಚ್ಚರಿಸುವ ಹೊಣೆ ಕೋಡಂಗಿಯದು. ಊರಿನ ಹೆಸರನ್ನೇ ಹೊತ್ತು ಚಿತ್ರರಂಗದಲ್ಲಿ ನಗಿಸಿದ ಕುಣಿಗಲ್ ನಾಗಭೂಷಣ್ ಇದ್ದರು. ಗುಬ್ಬಿಯಿಂದ ಅದೇ ರೈಲಿನಲ್ಲಿ ಮುಂದೆ ಹೋದರೆ ಸಿಗುವ ತಿಪಟೂರು ನರಸಿಂಹರಾಜು ಅವರದು. ವೀರಣ್ಣನವರ ಸಂಸ್ಥೆ 1954ರಲ್ಲಿ ‘ಬೇಡರ ಕಣ್ಣಪ್ಪ’ವನ್ನು ತೆರೆಗೆ ತಂದಾಗ ರಾಜ್‌ಕುಮಾರ್ ಅವರೊಡನೆ ನರಸಿಂಹರಾಜು ಅವರೂ ಬೆಳಕಿಗೆ ಬಂದರು. ಸಣಕಲು ದೇಹ, ಮುಂದೆ ಚಾಚಿದ ಹಲ್ಲು. ಕನ್ನಡಿಗರಿಗೆ ಅಷ್ಟು ಸಾಕಾಯಿತು. 1979ರ ಜುಲೈ 11ರಂದು, ಐವತ್ತಾರು ತುಂಬುವ ಮೊದಲೇ, ಅವರೂ ಹೊರಟುಹೋದರು.

ತುಮಕೂರಿನಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರವಿದೆ. ಸರ್ಕಾರವು ರಂಗಕರ್ಮಿಗಳಿಗೆ ಅವರ ಹೆಸರಿನ ಪ್ರಶಸ್ತಿಯನ್ನು ನೀಡುತ್ತದೆ. ಇವೆಲ್ಲ ಯೋಗ್ಯವಾದ ಸ್ಮಾರಕಗಳೇ. ಆದರೆ ಕಟ್ಟಡವು ಯಾರನ್ನೂ ನಗಿಸಲಾರದು.

ಆ ಕೆಲಸವನ್ನು ವಹಿಸಿಕೊಂಡವರು ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ. ತಮ್ಮ ‘ಸ್ಪಂದನ’ ತಂಡದಿಂದ ಅವರು ‘ಸದಾರಮೆ’ಯನ್ನು ಮತ್ತೆ ಆಡಿಸಿದರು. ನಾಯಿಕೆಯ ಪಾತ್ರ ಅವರಿಗೆ ಬೇಕಾಗಲಿಲ್ಲ. ಗಂಡಸರು ಹೆಣ್ಣಾಗುತ್ತಿದ್ದ ರಂಗಕ್ಕೆ ಹೆಣ್ಣುಮಕ್ಕಳನ್ನು ಕರೆತಂದವರ ಮೊಮ್ಮಗಳು, ಮೀಸೆ ಬರೆದುಕೊಂಡು, ತಾನೇ ಕಳ್ಳನಾಗಿ ಪ್ರವೇಶಿಸಿದಳು. ತಾತನ ಕಳ್ಳನನ್ನು ಕಂಡಿರದ ಪ್ರೇಕ್ಷಕರು ಆಕೆಯ ಮೊದಲ ಮಾತಿಗೇ ನಕ್ಕರು.