ಟೋಪಿಯಿಲ್ಲದ ವಿಮಾನ

ಚನ್ನಗಿರಿಯ ಕಡೆ ಹೋದರೆ ಅಡಿಕೆ ತೋಟ, ಹೊನ್ನಾಳಿಯ ಕಡೆ ಭತ್ತದ ಗದ್ದೆ. ನ್ಯಾಮತಿಯ ಆ ಹುಡುಗನಿಗೆ ಬೇಕಾದದ್ದು ಬಯಲು. ಬೇಸಿಗೆ ರಜೆಯಲ್ಲಿ, ತಾನೇ ಕಟ್ಟಿದ ಪುಟ್ಟ ಮಾದರಿ ವಿಮಾನವನ್ನು ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಜಗಳೂರಿನ ಸೋದರಮಾವನ ಮನೆಗೆ ಬಸ್ಸು ಹತ್ತಿದ. ಇಳಿದು ಬಿಚ್ಚಿ ನೋಡಿದರೆ ಪ್ರೊಪೆಲರಿನ ಮುಂದಿನ ಪ್ಲಾಸ್ಟಿಕ್ ಟೋಪಿ ಸೀಳಿತ್ತು.

ಆ ಟೋಪಿಗೆ ಸ್ಪಿನ್ನರ್ ಎಂದು ಹೆಸರು. ವಿಮಾನವನ್ನು ಎಳೆಯುವುದು ಪ್ರೊಪೆಲರಿನ ಅಲಗುಗಳೇ ಹೊರತು ಇದಲ್ಲ. ಅಲಗುಗಳು ಕೂಡುವ ನಡುಭಾಗವನ್ನು ಮುಚ್ಚಿ, ಗಾಳಿ ನಯವಾಗಿ ಸರಿಯುವಂತೆ ಮಾಡುವುದು ಇದರ ಕೆಲಸ. ನಿಜ ವಿಮಾನಗಳಲ್ಲಿ ಎಂಜಿನ್ ತಂಪಾಗಿಸುವ ಗಾಳಿಗೆ ದಾರಿ ಮಾಡಿಕೊಡುವುದೂ ಉಂಟು. 1903ರಲ್ಲಿ ರೈಟ್ ಸಹೋದರರು ಹಾರಿದ್ದು ಇದಿಲ್ಲದೆಯೇ.

ಹುಡುಗ ಅಂಟು ಹಚ್ಚಲು ಕುಳಿತ. ಬೋಳು ಮೂಗಿನ ವಿಮಾನ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಲ್ಲ! ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಮಾವ ತಡೆದರು.

“ತಿರುಗೋ ಜಾಗದಲ್ಲಿ ಒಡಕು ಸಾಮಾನು ಇರಬಾರ್ದು ಕಣೋ. ಕಿತ್ತು ಬಂದ್ರೆ ಸುತ್ತ ನಿಂತಿರೋ ಮಕ್ಕಳ ಕಣ್ಣಿಗೇ ಹೊಡೆಯುತ್ತೆ.”

“ಹಾಗಾದ್ರೆ ತೆಗೆದೇಬಿಡ್ಲಾ ಮಾವ?”

“ತೆಗಿ. ಆದ್ರೆ ಅದು ಇನ್ನೇನು ಕೆಲಸ ಮಾಡ್ತಿತ್ತು ಅಂತ ನೋಡ್ಕೊಂಡು ತೆಗಿ.”

ನೋಡಿದರೆ, ಟೋಪಿಯನ್ನು ಬಿಗಿದಿದ್ದ ನಟ್ಟೇ ಪ್ರೊಪೆಲರನ್ನೂ ಹಿಡಿದುಕೊಂಡಿತ್ತು! ವಾಷರ್ ಕೊಟ್ಟು ಸರಿಹೊಂದುವ ಬೇರೆ ನಟ್ಟು ಬಿಗಿದರು. ರೆಕ್ಕೆಯ ಕೆಳಗೆ ಗುರುತು ಮಾಡಿದ ಜಾಗಕ್ಕೆ ಬೆರಳು ಕೊಟ್ಟು ಎತ್ತಿದರೆ ಬಾಲ ಕೆಳಗಿಳಿಯಿತು. ಮೂಗಿನ ತೂಕ ಕಡಿಮೆಯಾಗಿತ್ತು. ಬಾಲ ಭಾರವಾದ ವಿಮಾನ ಮೂಗೆತ್ತಿ ಹಿಡಿತ ತಪ್ಪುತ್ತದೆ. ತಕ್ಕಡಿಯಂತೆ ಸಮನಾಗುವವರೆಗೆ ಮೂಗಿನೊಳಗೆ ಸೀಸದ ಚೂರು ಅಂಟಿಸಿದರು.

ದೊಡ್ಡವರ ವಿಮಾನದ ಕಥೆಯೂ ಇಷ್ಟೇ. ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ‘ಲಾಂಗ್-ಈಜಿ’ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ವಿಮಾನ. ಅದನ್ನು ಆಧರಿಸಿ ಬೆಂಗಳೂರಿನ ಎನ್.ಎ.ಎಲ್. 1980ರ ದಶಕದಲ್ಲಿ ಪುಟ್ಟ ವಿಮಾನವೊಂದನ್ನು ಕಟ್ಟಿ ಹಾರಿಸಿತು. ಅದರ ಪ್ರೊಪೆಲರ್ ಇರುವುದು ಹಿಂದೆ. ಮುಂದೆಲ್ಲೋ ಒಂದು ತಿರುಪು ಸಡಿಲಾಗಿ ಬಿದ್ದರೂ ಅಲಗಿಗೇ ಬಡಿಯಬಹುದು. ‘ಸಣ್ಣದು, ಬಿಡು’ ಎನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ. ಆ ಅನುಭವದ ಬೆನ್ನಿಗೇ 1993ರಲ್ಲಿ ‘ಹಂಸ’ ಮೊದಲ ಬಾರಿ ಹಾರಿತು.

ಸಂಜೆ ಗಾಳಿ ತಗ್ಗಿದ ಮೇಲೆ, ಮಕ್ಕಳನ್ನೆಲ್ಲ ದೂರ ನಿಲ್ಲಿಸಿ, ಹುಡುಗ ವಿಮಾನ ಬಿಟ್ಟ. ಬೋಳು ಮೂಗಿನಲ್ಲೇ ಅದು ಬಯಲಿನ ಮೇಲೆ ಎರಡು ಸುತ್ತು ಹಾಕಿ, ಮೆಲ್ಲಗೆ ಬಂದು ಇಳಿಯಿತು. ಫೋಟೋ ತೆಗೆಯುವುದು ಅವನಿಗೆ ಮರೆತೇಹೋಗಿತ್ತು.