ರೋಮಿನ ಸೈಕಲ್ಲು, ಹುಬ್ಬಳ್ಳಿಯ ಓದುಗ

ನಮ್ಮೂರ ಟಾಕೀಜಿನಲ್ಲಿ ಓಡುತ್ತಿರುವ ಚಿತ್ರದ ಬಗ್ಗೆ ಬರೆದರೆ ಓದಿದವರು ಸಂಜೆ ಹೋಗಿ ನೋಡಿ, ಬರೆದದ್ದು ಖರೆಯೋ ಸುಳ್ಳೋ ಎಂದು ತಾಳೆ ಹಾಕುತ್ತಾರೆ. ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ಬಗ್ಗೆ ಓದಿದವರಿಗೆ ಆ ಅನುಕೂಲವಿಲ್ಲ. ಮೊಬೈಲಿನಲ್ಲಿ ಸಿಕ್ಕಿತು ಅನ್ನಿ, ಇಟಾಲಿಯನ್ ಮಾತಿನ ಕೆಳಗೆ ಇಂಗ್ಲಿಷ್ ಸಾಲು ಓಡುತ್ತದೆ. ಕನ್ನಡ ಶಾಲೆಯಲ್ಲಿ ಕಲಿತವರು ಆ ಸಾಲು ಓದಿ ತಲೆ ಎತ್ತುವಷ್ಟರಲ್ಲಿ ಮುಖದ ಮೇಲೆ ಹಾದುಹೋಗಬೇಕಾದದ್ದು ಹಾದುಹೋಗಿರುತ್ತದೆ. ಹಾಗಾಗಿ ಪತ್ರಿಕೆಯ ಆ ಎರಡು ಕಾಲಮ್ಮೇ ಎಷ್ಟೋ ಜನರಿಗೆ ಇಡೀ ಸಿನಿಮಾ. ಪರದೇಶದ ಚಿತ್ರಗಳ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದು.

ನಮ್ಮ ಓಣಿಯಲ್ಲಿ ಹುಬ್ಬಳ್ಳಿ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಡಿ ಸಿಕಾನ ಚಿತ್ರದ ಬಗ್ಗೆ ಬರೆದದ್ದನ್ನು ಓದಿ ಮನೆಗೇ ಬಂದರು. “ಅಲ್ರೀ ಸರ, ಸೈಕಲ್ ಫ್ರೇಮಿನ ಮ್ಯಾಲೆ ನಂಬರ್ ಹೊಡದಿರತಾರಲ್ಲ, ಅದನ್ನ ನೋಡಿ ಹಿಡೀಬಹುದಿತ್ತಲ್ಲ?” ಎಂದರು. ಇಂಥ ಪ್ರಶ್ನೆ ಬಂದ ದಿನ ಬರೆದದ್ದು ಸಾರ್ಥಕ ಅನ್ನಿಸುತ್ತದೆ. ಯಾಕೆಂದರೆ ಸಿನಿಮಾದೊಳಗೆ ಅದು ಇದೆ. ಸೈಕಲ್ ಕಳೆದುಕೊಂಡ ಆಂಟೋನಿಯೊ ಸಂತೆಯಲ್ಲಿ ಒಬ್ಬ ಫ್ರೇಮಿಗೆ ಬಣ್ಣ ಹಚ್ಚುತ್ತಿರುವುದನ್ನು ಕಂಡು, ಪೊಲೀಸನನ್ನು ಕರೆತಂದು ನಂಬರ್ ತೋರಿಸು ಎಂದು ಹಟ ಹಿಡಿಯುತ್ತಾನೆ. ನಂಬರ್ ಹೊಂದುವುದಿಲ್ಲ. ಆ ಪಾತ್ರ ಮಾಡಿದ ಲ್ಯಾಂಬರ್ಟೊ ಮಜ್ಜೊರಾನಿ ವೃತ್ತಿ ನಟನಲ್ಲ, ಕಾರ್ಖಾನೆಯ ಕೆಲಸಗಾರ. ಇದನ್ನು ಹೇಳಿದಾಗ ಹಿರಿಯರು, “ಅದಕ್ಕ ಮತ್ತ! ಕೆಲಸಾ ಮಾಡಿದ ಕೈ ಬ್ಯಾರೆನ ಇರತದ” ಎಂದರು. ಅವರು ಸಿನಿಮಾ ಇನ್ನೂ ನೋಡಿರಲಿಲ್ಲ.

ಆದ್ದರಿಂದ ‘ನವವಾಸ್ತವವಾದದ ಮೈಲಿಗಲ್ಲು’ ಎಂದು ಶುರುಮಾಡುವ ಬರಹ ನನಗೆ ಸೇರುವುದಿಲ್ಲ. ಆಂಟೋನಿಯೊನ ಹೆಂಡತಿ ಮಾರಿಯಾ ಮದುವೆಯಲ್ಲಿ ಬಂದ ಹಾಸಿಗೆ ಬಟ್ಟೆಗಳನ್ನು ಗಿರವಿ ಇಟ್ಟು ಗಂಡನ ಸೈಕಲ್ ಬಿಡಿಸಿಕೊಡುತ್ತಾಳೆ. ಗಿರವಿ ಅಂಗಡಿಯವ ಆ ಗಂಟು ಹೊತ್ತು ಕಪಾಟು ಹತ್ತುತ್ತಾನೆ, ಹತ್ತುತ್ತಲೇ ಇರುತ್ತಾನೆ. ಮೇಲಿನವರೆಗೂ ಬೇರೆ ಬೇರೆ ಮನೆಗಳ ಗಂಟುಗಳು. ಯುದ್ಧ ಮುಗಿದ ರೋಮಿನ ಸ್ಥಿತಿ ಆ ಕಪಾಟಿನಲ್ಲಿದೆ. ಅದನ್ನು ಬರೆದರೆ ಸಾಕು; ಪ್ರಶಸ್ತಿಗಳ ಪಟ್ಟಿ ಕೊನೆಗೆ ಒಂದು ಸಾಲಿನಲ್ಲಿ ಬಂದೀತು.

ಕಥೆ ಹೇಳಬಾರದು, ಸ್ವಾರಸ್ಯ ಕೆಡುತ್ತದೆ ಎನ್ನುವವರಿದ್ದಾರೆ. ನಮ್ಮ ಕಡೆ ಆ ಮಾತು ಪೂರಾ ನಡೆಯುವುದಿಲ್ಲ. ‘ಸಂಗ್ಯಾ ಬಾಳ್ಯಾ’ ಸಣ್ಣಾಟಕ್ಕೆ ಕೂತವರಲ್ಲಿ ಸಂಗ್ಯಾನ ಗತಿ ಗೊತ್ತಿಲ್ಲದವರು ಯಾರು? ಗೊತ್ತಿದ್ದೇ ಬೆಳಗಿನ ತನಕ ಕೂಡುತ್ತಾರೆ, ಗೆಳೆಯ ಕೈಬಿಡುವ ಗಳಿಗೆಯಲ್ಲಿ ಉಸಿರು ಹಿಡಿಯುತ್ತಾರೆ. ಇರಾನಿನ ಮಜೀದ್ ಮಜೀದಿಯ ‘ಚಿಲ್ಡ್ರನ್ ಆಫ್ ಹೆವನ್’ (1997) ಬಗ್ಗೆ ಬರೆಯುವಾಗ, ತಂಗಿಗೆ ಬೂಟು ಸಿಗಲೆಂದು ಮೂರನೆಯ ಬಹುಮಾನಕ್ಕಾಗಿ ಓಡಿದ ಅಲಿ ಮೊದಲನೆಯವನಾಗಿ ಬಂದು ಅಳುತ್ತಾನೆ ಎಂದು ನಾನು ಹೇಳಿಯೇ ಬಿಡುತ್ತೇನೆ. ಅಷ್ಟು ತಿಳಿದವರಿಗೆ ನೋಡಬೇಕೆಂಬ ಆಸೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಗುಟ್ಟಿನ ಮೇಲೆಯೇ ನಿಂತ ಚಿತ್ರಗಳ ಮಾತು ಬೇರೆ. ‘ಪ್ಯಾರಸೈಟ್’ನ ಆ ದೊಡ್ಡ ಮನೆಯೊಳಗೆ ಏನಡಗಿದೆ ಎಂದು ನಾನು ಯಾರಿಗೂ ಹೇಳಿಲ್ಲ.

ಸಾಮಾನ್ಯರಿಗೆ ಇಂಥ ಸಿನಿಮಾ ತಿಳಿಯುವುದಿಲ್ಲ ಎಂಬ ವಾದಕ್ಕೆ ಹೆಗ್ಗೋಡು ಎಂದೋ ಉತ್ತರ ಕೊಟ್ಟಿದೆ. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ ಅಡಿಕೆ ತೋಟಗಳ ನಡುವಿನ ಆ ಊರಿನಲ್ಲಿ ಡಿ ಸಿಕಾ, ಜಪಾನಿನ ಕುರೋಸಾವಾರ ಚಿತ್ರಗಳನ್ನು ತೋರಿಸಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರರು ಅಲ್ಲಿಗೆ ಬಂದು ಪಾಠ ಮಾಡಿದರು. ಕನ್ನಡದಲ್ಲಿ ಮಾತಾಡುವವರು ಜೊತೆಗಿದ್ದರು. ಜನ ನೋಡಿದರು, ಚರ್ಚಿಸಿದರು.

ಧಾರವಾಡಕ್ಕಂತೂ ಕುರೋಸಾವಾ ತೀರಾ ಹೊರಗಿನವನಲ್ಲ. ಇಲ್ಲಿಯ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1978ರ ‘ಒಂದಾನೊಂದು ಕಾಲದಲ್ಲಿ’ ತೆಗೆದದ್ದು ಆತನ ಸಮುರಾಯ್ ಚಿತ್ರಗಳ ಪ್ರೇರಣೆಯಿಂದ. ಕೂಲಿಗೆ ಕತ್ತಿ ಹಿಡಿಯುವ ಗಂಡುಗಲಿಯಾಗಿ ಶಂಕರನಾಗ್ ಮೊದಲು ಬಂದದ್ದು ಅದರಲ್ಲಿ. ಆ ಚಿತ್ರವನ್ನು ಮೆಚ್ಚಿದವರಿಗೆ ‘ಸೆವೆನ್ ಸಮುರಾಯ್’ ತಲುಪಿಸುವುದು ಕಷ್ಟವಲ್ಲ. ಗಂಡುಗಲಿಯಿಂದ ಶುರುಮಾಡಿದರೆ ಆಯಿತು. ‘ರಾಶೋಮಾನ್’ ಹಾಗಲ್ಲ. ಒಂದೇ ಕೊಲೆಯನ್ನು ಕಳ್ಳ, ಹೆಂಡತಿ, ಸತ್ತವನ ಆತ್ಮ, ಸೌದೆ ಕಡಿಯುವವ, ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. “ಕಡೀಕ ಖರೆ ಹೇಳಿದಾವ ಯಾರ್ರೀ?” ಎಂದು ಅದೇ ಹಿರಿಯರು ಕೇಳಿದರು. ಅವರಿಗೆ ಉತ್ತರ ಕೊಡದೆ ನಾಲ್ಕೂ ಸಾಕ್ಷಿಗಳನ್ನು ಇನ್ನೊಮ್ಮೆ ಹೇಳಿದೆ. ಕಟ್ಟೆಯ ಮೇಲೆ ಕೂತು ಕತ್ತಲಾಗುವವರೆಗೆ ವಾದ ಮಾಡಿದೆವು. ಬರೆಯುವವ ತೀರ್ಪು ಕೊಡುವುದಕ್ಕಿಂತ ಓದುಗನನ್ನು ಆ ವಾದಕ್ಕೆ ಎಳೆಯುವುದು ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ.

ಆದರೂ ಬರಹ ಎಷ್ಟೆಂದರೂ ಬರಹವೇ. ಗಿರವಿ ಅಂಗಡಿಯ ಆ ಕಪಾಟನ್ನು ಓದಿದವರು ಕಣ್ಣಾರೆ ನೋಡಬೇಕು. ಕರ್ನಾಟಕ ಚಲನಚಿತ್ರ ಅಕಾಡೆಮಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಸುತ್ತದೆ. ಅದರಲ್ಲಿ ಹತ್ತು ಚಿತ್ರಗಳನ್ನಾದರೂ ಆರಿಸಿ, ಕನ್ನಡದಲ್ಲೇ ಸಬ್‌ಟೈಟಲ್ ಹಾಕಿ, ಹುಬ್ಬಳ್ಳಿ-ಧಾರವಾಡಕ್ಕೂ ಕಳಿಸಿರಿ. ನೋಡುವವರು ಇಲ್ಲಿದ್ದಾರೆ.